ಗೇಣೆತ್ತರದ ಎಣ್ಣೆ

ಬೆಳಿಗ್ಗೆ ಆರೂಮುಕ್ಕಾಲಿಗೆ ಮೀನುಕೊಳದ ಒಡತಿ ಠಾಣೆಗೆ ಬಂದು, ತಂದಿದ್ದ ಪ್ಲಾಸ್ಟಿಕ್ ಬುಟ್ಟಿಯನ್ನು ಇನ್ಸ್‌ಪೆಕ್ಟರ್ ಮೇಜಿನ ಮೇಲೆ ಬೋರಲು ಹಾಕಿದಳು. ಸತ್ತ ಮೀನುಗಳು ಫೈಲುಗಳ ಮೇಲೆ ಜಾರಿದವು. ಡೀಸೆಲ್ ವಾಸನೆ ಮೂಗಿಗೆ ಅಡರಿತು.

"ಕಂಪ್ಲೇಂಟ್ ಬರ್ಕೊಳ್ಳಿ. ಬರ್ಕೊಳ್ಳೋ ತನಕ ಮೀನು ಇಲ್ಲೇ ಇರುತ್ತೆ."

"ಮೊದಲು ಎತ್ತಮ್ಮ ಇದನ್ನ," ಎಂದ ಹೆಡ್ ಕಾನ್‌ಸ್ಟೇಬಲ್.

"ನೀನೇ ಎತ್ತಪ್ಪ. ಹೋದ ವರ್ಷ ನೀರು ವಾಸನೆ ಬರ್ತಿದೆ ಅಂತ ಬಂದಾಗ, ಮೀನು ಸತ್ತರೆ ಬಾ ಅಂದಿದ್ದೆ. ಸತ್ತಿವೆ, ಬಂದಿದೀನಿ."

ಹೆಡ್ ಕಾನ್‌ಸ್ಟೇಬಲ್ ಮುಖ ಹುಳ್ಳಗಾಯಿತು. ಇನ್ಸ್‌ಪೆಕ್ಟರ್ ತಾವೇ ಎದ್ದು ಫೈಲುಗಳನ್ನು ಒದರಿ, ದೂರು ಬರೆಸಿಕೊಂಡರು. ಏಳೂಕಾಲಿಗೆ ಎಫ್‌ಐಆರ್ ದಾಖಲಾಯಿತು. ಆ ಹೆಂಗಸಿನ ಕೊಳಗಳಿಗೆ ನೀರು ತರುವ ಕಾಲುವೆ ಎಣ್ಣೆ ಡಿಪೋದ ಹಿಂಗೋಡೆಗೆ ತಾಗಿಕೊಂಡೇ ಹರಿಯುತ್ತಿತ್ತು.

ಡಿಪೋ ಮ್ಯಾನೇಜರ್ ಗೇಟಿನಲ್ಲೇ ಕಾಯುತ್ತಿದ್ದ.

"ಕಳ್ಳನನ್ನ ನಾವೇ ಹಿಡಿದಿಟ್ಟಿದೀವಿ ಮೇಡಂ. ಕರ್ಕೊಂಡು ಹೋಗಿ, ಕೇಸ್ ಮುಗಿಸಿ."

"ಕೇಸ್ ಯಾವಾಗ ಮುಗೀಬೇಕು ಅಂತ ನಿಮ್ಮನ್ನ ಕೇಳಿದ್ನಾ?"

ಸ್ಟೋರ್ ರೂಮಿನಲ್ಲಿ ರಾತ್ರಿ ಪಾಳಿಯ ಆಪರೇಟರ್ ನೆಲದ ಮೇಲೆ ಕೂತಿದ್ದ. ತುಟಿ ಸೀಳಿತ್ತು, ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಮೂರನೇ ಟ್ಯಾಂಕಿನ ತಳದ ನಲ್ಲಿ ತಿರುಗಿಸಿ ಡೀಸೆಲ್ ಕದಿಯಲು ಹೋಗಿ, ಹಾಗೇ ಬಿಟ್ಟು ಮಲಗಿದ್ದಾನೆ ಎಂಬುದು ಮ್ಯಾನೇಜರ್‌ನ ವಾದ.

"ಮಲಗಿದ್ದು ನಿಜ ಅಕ್ಕಾ," ಎಂದ ಆಪರೇಟರ್. "ಅಲಾರಂ ಕೂಗಿದ್ರೆ ಏಳ್ತಿದ್ದೆ. ಕಳ್ಳ ಅಂತ ಮಾತ್ರ ಬರೀಬೇಡಿ. ಒಂದು ಸಲ ಬರೆದರೆ ಯಾವ ಡಿಪೋದಲ್ಲೂ ಒಳಗೆ ಬಿಡಲ್ಲ. ನನಗೆ ಬೇರೆ ಕೆಲಸ ಬರಲ್ಲ."

"ಯಾರು ಹೊಡೆದಿದ್ದು?"

ಅವನು ಮ್ಯಾನೇಜರ್ ಕಡೆ ನೋಡಿ ತಲೆ ತಗ್ಗಿಸಿದ. ಇನ್ಸ್‌ಪೆಕ್ಟರ್ ಅವನನ್ನು ಆಸ್ಪತ್ರೆಗೆ ಕಳಿಸಿ, ಜೊತೆಗೆ ಒಬ್ಬ ಕಾನ್‌ಸ್ಟೇಬಲ್‌ನನ್ನು ಕಾವಲಿಗೆ ಕಳಿಸಿದರು. ಬಂಧಿಸುವುದೋ ಬಿಡುವುದೋ, ಇನ್ನೂ ತೀರ್ಮಾನಿಸಿರಲಿಲ್ಲ.

ಪಂಚನಾಮೆ ಎಂಟೂವರೆಗೆ ಶುರುವಾಯಿತು. ಟ್ಯಾಂಕುಗಳ ಸುತ್ತ ಸೊಂಟದೆತ್ತರದ ಕಾಂಕ್ರೀಟ್ ಗೋಡೆ. ಟ್ಯಾಂಕ್ ಒಡೆದರೂ ಎಣ್ಣೆ ಆ ಗೋಡೆಯೊಳಗೇ ನಿಲ್ಲಬೇಕು, ಹೊರಗೆ ಹೋಗಬಾರದು. ಒಳಗೆ ಎಣ್ಣೆ ಬಿದ್ದರೆ ಕೂಗಬೇಕಾದ ಅಲಾರಂ ಎರಡು ವರ್ಷದಿಂದ ಕೆಟ್ಟಿತ್ತು. ಮೂರನೇ ಟ್ಯಾಂಕಿನ ನಲ್ಲಿ ಅರ್ಧ ತೆರೆದಿತ್ತು, ಟ್ಯಾಂಕ್ ಬರಿದಾಗಿತ್ತು. ಮಳೆನೀರು ಬಿಡುವ ಕೊಳವೆಗೆ ಹಾಕಿದ ಬೀಗ ಹಾಕಿದಂತೆಯೇ ಇತ್ತು. ಗೋಡೆಯ ಮೂಲೆಯಲ್ಲಿ, ನೆಲಕ್ಕೆ ತಾಗಿ, ತಟ್ಟೆಯಗಲದ ತೂತು. ಅದರಿಂದ ಗೋಣಿಚೀಲದ ತುಂಡು ಹೊರಕ್ಕೆ ಜೋತುಬಿದ್ದಿತ್ತು. ಚೀಲಕ್ಕೆ ತೆಳ್ಳಗೆ ಸಿಮೆಂಟು ಮೆತ್ತಿ, ಮೇಲೆ ಹಳದಿ ಬಣ್ಣ ಬಳಿದಿದ್ದರು.

"ಪಂಪಿನ ಪೈಪ್ ಹಾಯಿಸೋಕೆ ಒಡೆದಿದ್ವಿ, ಆಮೇಲೆ ಮುಚ್ಚಿಸಿದ್ವಿ," ಎಂದ ಮ್ಯಾನೇಜರ್.

"ಯಾವಾಗ?" ಕೇಳಿದ್ದು ಇನ್ಸ್‌ಪೆಕ್ಟರ್ ಅಲ್ಲ, ಹಿಂದೆ ನಿಂತಿದ್ದ ಸೇಫ್ಟಿ ಆಫೀಸರ್. ನಿವೃತ್ತಿಗೆ ಹತ್ತಿರವಾದ ವಯಸ್ಸು. ಕಂಡವರಿಗೆಲ್ಲ ಹುಷಾರು ಹೇಳುತ್ತಿದ್ದುದರಿಂದ ಡಿಪೋದಲ್ಲಿ ಅವನಿಗೆ ಹುಷಾರಪ್ಪ ಎಂದೇ ಹೆಸರು.

"ನೀವು ರಜೆ ಹಾಕಿದ್ರಲ್ಲ, ಆಗ."

"ನಾನು ನಿಂತು ಕಟ್ಟಿಸಿದ ಗೋಡೆ ಇದು. ಚೀಲ ತುರುಕಿ ಬಣ್ಣ ಬಳಿದ್ಯಾ?"

"ನೋಡಿ ಮೇಡಂ, ಕೊಳ ಹಾಳಾದ್ರೂ ಇವರಿಗೆ ಗೋಡೆದೇ ಚಿಂತೆ."

ಆ ಮಾತಿನಲ್ಲಿ ಹುರುಳಿದೆ ಎಂದು ಇನ್ಸ್‌ಪೆಕ್ಟರ್‌ಗೂ ಅನ್ನಿಸಿತು. ಬೆಳಗಿನಿಂದ ಎಲ್ಲರ ಬಾಯಲ್ಲೂ ನಲ್ಲಿಯದೇ ಮಾತು. ಹುಷಾರಪ್ಪ ಅತ್ತ ತಿರುಗಿಯೂ ನೋಡಿರಲಿಲ್ಲ.

ಮೂರನೇ ಟ್ಯಾಂಕಿನ ಸುತ್ತ ಮರಳು ತುಂಬಿದ ಕಬ್ಬಿಣದ ಬಕೆಟ್‌ಗಳು ಸಾಲಾಗಿ ನಿಂತಿದ್ದವು. ಉಳಿದ ಟ್ಯಾಂಕುಗಳ ಹತ್ತಿರ ಒಂದೂ ಇರಲಿಲ್ಲ. ಇನ್ಸ್‌ಪೆಕ್ಟರ್ ಕೂತು ನೋಡಿದರು. ಗೋಡೆಯ ಒಳಮೈಯಲ್ಲಿ ಎಣ್ಣೆ ಗೇಣೆತ್ತರ ನಿಂತು ಇಳಿದ ಗುರುತಿತ್ತು. ಬಕೆಟ್‌ಗಳ ಮೇಲೂ ಅಷ್ಟೇ ಎತ್ತರಕ್ಕೆ ಎಣ್ಣೆ ಹತ್ತಿತ್ತು. ಹೆಡ್ ಕಾನ್‌ಸ್ಟೇಬಲ್ ಟೇಪು ಹಿಡಿದು ಎರಡನ್ನೂ ಅಳೆದ. ವ್ಯತ್ಯಾಸವಿರಲಿಲ್ಲ.

ಹುಷಾರಪ್ಪನ ಕೋಣೆಯಲ್ಲೇ ವಿಚಾರಣೆ ನಡೆಯಿತು.

"ಬಕೆಟ್ ಇಟ್ಟಿದ್ದು ಯಾರು?"

"ನಾನೇ. ಅದು ನನ್ನ ಕೆಲಸ."

"ಯಾವಾಗ?"

"ಆರು ಗಂಟೆಗೆ. ಮನೆಗೆ ಫೋನ್ ಬಂತು, ಓಡಿ ಬಂದೆ."

"ಆಗ ಗೋಡೆಯೊಳಗೆ ಎಣ್ಣೆ ಎಷ್ಟಿತ್ತು?"

"ಎಲ್ಲಿತ್ತು? ಎಲ್ಲ ಹರಿದುಹೋಗಿತ್ತು. ನೆಲ ಒದ್ದೆ ಇತ್ತು ಅಷ್ಟೆ."

"ಮತ್ತೆ ಬಕೆಟ್ಟಿಗೆ ಗೇಣುದ್ದ ಎಣ್ಣೆ ಹೇಗೆ ಹತ್ತಿತು?"

ಹುಷಾರಪ್ಪ ಕನ್ನಡಕ ತೆಗೆದು ಒರೆಸತೊಡಗಿದ.

"ಕದಿಯೋನು ಬಕೆಟ್ ಜೋಡಿಸಲ್ಲ," ಎಂದರು ಇನ್ಸ್‌ಪೆಕ್ಟರ್. "ಎಣ್ಣೆ ಬಿಡೋ ಮೊದಲೇ ಬೆಂಕಿಗೆ ಹೆದರೋ ಮನುಷ್ಯ ಈ ಡಿಪೋದಲ್ಲಿ ನೀವೊಬ್ಬರೇ. ನಿನ್ನೆ ಮನೆಗೆ ಹೋಗೋವಾಗ ನಲ್ಲಿ ತಿರುಗಿಸಿದ್ರಿ. ಹೌದೋ ಅಲ್ವೋ?"

"ಇವತ್ತು ಹೆಡ್ ಆಫೀಸಿನವರು ಬರೋರಿದ್ರು. ಗೋಡೆಯೊಳಗೆ ಎಣ್ಣೆ ನಿಂತಿದ್ರೂ ಅಲಾರಂ ಕೂಗಲ್ಲ ಅಂತ ಕಣ್ಣಾರೆ ನೋಡ್ಲಿ ಅಂದ್ಕೊಂಡೆ. ಒಂದು ತೊಟ್ಟೂ ಆಚೆ ಹೋಗ್ತಿರಲಿಲ್ಲ. ಆ ತೂತು ಇಲ್ಲದಿದ್ರೆ."

"ಆ ಹುಡುಗನಿಗೆ ಹೊಡೀವಾಗ ಎಲ್ಲಿದ್ರಿ?"

"ಅಲ್ಲೇ."

"ಏನು ಮಾಡ್ತಿದ್ರಿ?"

ಹುಷಾರಪ್ಪ ಕನ್ನಡಕವನ್ನು ಮತ್ತೆ ಮೂಗಿಗೇರಿಸಿದ. ಹೆಡ್ ಕಾನ್‌ಸ್ಟೇಬಲ್ ಬರೆಯುವುದನ್ನು ನಿಲ್ಲಿಸಿ ಅವನ ಮುಖವನ್ನೇ ನೋಡಿದ. "ಹುಷಾರಾಗಿದ್ರು ಮೇಡಂ," ಎಂದ.

ಹನ್ನೊಂದೂವರೆಗೆ ಸೇಫ್ಟಿ ಆಫೀಸರ್‌ನನ್ನು ಬಂಧಿಸಲಾಯಿತು. ಅಲಾರಂ ರಿಪೇರಿ ಮಾಡಿಸಿ ಎಂದು ಅವನು ಪ್ರತಿ ಮೀಟಿಂಗಿನಲ್ಲೂ ಕೇಳಿದ್ದನ್ನು ಮೂವರು ನೌಕರರು ಹೇಳಿಕೆಯಲ್ಲಿ ಒಪ್ಪಿಕೊಂಡರು. ಹಿಂದಿನ ದಿನದ ಮೀಟಿಂಗಿನಲ್ಲಿ ಮ್ಯಾನೇಜರ್, "ಅಲಾರಂ ಯಾಕೆ, ನೀವೇ ಇದೀರಲ್ಲ ಕೂಗೋಕೆ," ಅಂದನಂತೆ. ಎಲ್ಲರೂ ನಕ್ಕರಂತೆ. ಹೇಳಿಕೆ ಕೊಟ್ಟ ಮೂವರೂ ನಕ್ಕವರೇ.

ಆಪರೇಟರ್ ಆಸ್ಪತ್ರೆಯಿಂದಲೇ ಹಲ್ಲೆಯ ದೂರು ಕೊಟ್ಟ. ಗೋಡೆ ಒಡೆಸಿ ತೂತು ಮುಚ್ಚಿಟ್ಟದ್ದು, ಹಲ್ಲೆ, ಎರಡೂ ಸೇರಿ ಸಂಜೆ ಐದಕ್ಕೆ ಮ್ಯಾನೇಜರ್‌ನನ್ನೂ ಠಾಣೆಗೆ ಎಳೆತಂದವು. ಠಾಣೆಯಲ್ಲಿದ್ದದ್ದು ಒಂದೇ ಲಾಕಪ್. ಇಬ್ಬರನ್ನೂ ಅದರೊಳಗೇ ಕೂರಿಸಿ ಬೀಗ ಹಾಕಲಾಯಿತು.