ಹದಿನೈದನೆಯ ಲೇಪ

ವಿದ್ಯಾಲೇಪಕದ ಬೆಳ್ಳಿಬಲೆ ನೀಲಾಂಬಿಕಾಳ ತಲೆಯ ಮೇಲೆ ಇಳಿದು, ಜೇಡ ತನ್ನ ಗೂಡಿನ ಎಳೆಗಳನ್ನು ಮೀಟಿ ನೋಡುವ ಹಾಗೆ ಒಂದೊಂದೇ ನರವನ್ನು ಮೀಟತೊಡಗಿತು. ಇಷ್ಟು ವರ್ಷ ಅದು ಅವಳೊಳಗೆ ವಿದ್ಯೆಯನ್ನು ಬರೆದಿತ್ತು. ಇಂದು ಮೊದಲ ಸಲ ಅವಳನ್ನು ಓದುತ್ತಿತ್ತು.

ಈ ಯಂತ್ರ ಧಾರವಾಡಕ್ಕೆ ಬಂದು ಇಪ್ಪತ್ತು ವರ್ಷವಾಗಿತ್ತು. ಒಂದು ಕಸುಬಿನಲ್ಲಿ ನುರಿತವರ ಮಿದುಳಿನಿಂದ ಆ ವಿದ್ಯೆಯ ನರನಕ್ಷೆಯನ್ನು ತೆಗೆದು, ಕಲಿಯುವವರ ಮಿದುಳಿನ ಖಾಲಿ ಜಾಗಕ್ಕೆ ಲೇಪಿಸಿದರಾಯಿತು. ಆರು ವರ್ಷದ ಓದು ಆರು ವಾರಕ್ಕೆ ಮುಗಿಯುತ್ತಿತ್ತು. ನಲವತ್ತೆರಡನೆಯ ವಯಸ್ಸಿಗೆ ನೀಲಾಂಬಿಕಾ ಹದಿನಾಲ್ಕು ಸನ್ನದು ಗಳಿಸಿದ್ದಳು. ಔಷಧ ತಯಾರಿಸಿದ್ದಳು, ಸೇತುವೆ ತಪಾಸಣೆ ಮಾಡಿದ್ದಳು, ಹಲ್ಲು ಕಿತ್ತಿದ್ದಳು, ಕೋರ್ಟಿನಲ್ಲಿ ವಾದಿಸಿದ್ದಳು. ಯಾವುದರಲ್ಲೂ ಮನಸ್ಸು ನೆಲೆ ನಿಂತಿರಲಿಲ್ಲ. ಮನುಷ್ಯರ ಮಿದುಳು ಹದಿನೈದಕ್ಕಿಂತ ಹೆಚ್ಚು ಲೇಪ ತಾಳದು. ಉಳಿದದ್ದು ಒಂದೇ.

“ಈ ಸಲ ನೀವು ಆರಿಸೂದು ಬ್ಯಾಡ, ನೀಲಕ್ಕಾರ,” ಎಂದರು ಹದಿನಾಲ್ಕನ್ನೂ ಲೇಪಿಸಿದ್ದ ಡಾ. ಕುಬಸದ. “ನಿಮ್ಮ ಜೀವಾ ಯಾವುದಕ್ಕ ಅರಳ್ತೈತಿ, ಯಂತ್ರನ ಹೇಳ್ಲಿ.”

“ಯಾವುದಕ್ಕೂ ಅರಳದಿದ್ರ?”

“ಮತ್ತ ಕೋರ್ಟಿಗೆ ಹೋಗ್ರಿ. ಊರಾಗ ಜಗಳಕ್ಕೇನು ಬರ ಐತೇನು?”

ಪರದೆಯ ಮೇಲೆ ಒಂದು ಚುಕ್ಕಿ ಮಿನುಗಿ, ಅದರ ಕೆಳಗೆ ಹೆಸರು ಮೂಡಿತು: ಕಸೂತಿ.

ನೀಲಾಂಬಿಕಾ ನಕ್ಕುಬಿಟ್ಟಳು. ಏಳನೆಯ ವಯಸ್ಸಿನಲ್ಲಿ ಅವಳ ಆಯಿ ಇಳಕಲ್ ಸೀರೆಯ ಸೆರಗನ್ನು ಮೊಮ್ಮಗಳ ತೊಡೆಯ ಮೇಲೆ ಹರವಿ, ಕಥೆ ಹೇಳುತ್ತಲೇ ಎಳೆ ಎಣಿಸುವುದನ್ನು ಕಲಿಸಿದ್ದಳು. ಕಥೆಯ ರಾಜ ಕಾಡು ದಾಟುವಷ್ಟರಲ್ಲಿ ಆನೆಯ ನಾಲ್ಕೂ ಕಾಲು ಮೂಡಬೇಕು. ದಾರಕ್ಕೆ ಗಂಟು ಬೀಳಬಾರದು. ಬಟ್ಟೆ ಮಗುಚಿದರೂ ಅದೇ ಆನೆ ಕಾಣಬೇಕು.

“ಇದಕ್ಯಾಕ್ರಿ ಲೇಪ? ನನಗ ಬರ್ತೈತಿ! ಸೂಜಿ ಕೊಡ್ರಿ ಇಲ್ಲೆ.”

ಸೂಜಿ, ದಾರ, ಒಂದು ತುಂಡು ಬಟ್ಟೆ ಬಂದವು. ಅವಳ ಬೆರಳುಗಳು ಸೂಜಿಯನ್ನು ಅಚ್ಚುಕಟ್ಟಾಗಿ ಹಿಡಿದು, ಒಸಡಿಗೆ ಹಾಕುವಂಥ ಒಂದೇ ಒಂದು ಹೊಲಿಗೆ ಹಾಕಿ, ಗಂಟು ಬಿಗಿದು ನಿಂತವು. ಎಷ್ಟು ಎಳೆ ಬಿಡಬೇಕು? ಯಾವ ಕಡೆಯಿಂದ ಮರಳಬೇಕು? ಅವಳು ಕಾದಳು. ಕೈ ಸುಮ್ಮನಿತ್ತು.

ಡಾ. ಕುಬಸದ ಅವರು ಅವಳ ಹಳೆಯ ಅರ್ಜಿಗಳನ್ನು ಪರದೆಗೆ ತಂದರು. ‘ಸನ್ನದಿಲ್ಲದೆ ಕಲಿತದ್ದು’ ಎಂಬ ಕಾಲಮಿನ ಮುಂದೆ ಅವಳದೇ ದುಂಡನೆಯ ಅಕ್ಷರ: ಏನೂ ಇಲ್ಲ. ಹದಿನಾಲ್ಕರಲ್ಲೂ ಅದೇ.

“ನೀವು ಇಲ್ಲ ಅಂತ ಬರದ್ರಿ, ನಾವು ಖಾಲಿ ಜಾಗಾ ಅಂತ ಹಿಡದ್ವಿ. ಕಸೂತಿ ಇದ್ದಲ್ಲಿ ಈಗ ಹಲ್ಲು ಕೀಳೂ ವಿದ್ಯಾ ಕುಂತೈತಿ. ಅದರ ಖುಷಿ, ಆಯಿ ನೆನಪು ಇರೂ ಜಾಗಾ ಬ್ಯಾರೆ, ಅದಕ್ಕ ಅವಷ್ಟ ಉಳದಾವ.”

“ಆಯಿ ಕಡೆ ಕಲ್ತದ್ದನ್ನ ಯಾರರೆ ಅರ್ಜಿಯೊಳಗ ಬರೀತಾರೇನ್ರಿ?”

ಉತ್ತರ ಹುಡುಕಲು ಅವರು ಇಪ್ಪತ್ತು ವರ್ಷದ ಅರ್ಜಿಗಳನ್ನೆಲ್ಲ ಜಾಲಾಡಿಸಿದರು. ಮೂವತ್ತು ಸಾವಿರ ಜನ. ರೊಟ್ಟಿ ಬಡಿಯುವವರು, ಸೋಬಾನ ಹಾಡುವವರು, ಬಾಣಂತಿಗೆ ನೀರು ಎರೆಯುವವರು ಅವರಲ್ಲಿ ಎಷ್ಟು ಮಂದಿ ಇದ್ದರೋ! ಎಲ್ಲರೂ ಬರೆದದ್ದು ಒಂದೇ ಮಾತು: ಏನೂ ಇಲ್ಲ. ಕಸೂತಿಯನ್ನು ಮರಳಿ ಲೇಪಿಸಬೇಕಾದರೆ ಅದನ್ನು ಬಲ್ಲವರೊಬ್ಬರ ನಕ್ಷೆ ಬೇಕಿತ್ತು. ಸನ್ನದಿಲ್ಲದ ವಿದ್ಯೆಯ ನಕ್ಷೆಯನ್ನು ಯಾರೂ ತೆಗೆದಿಟ್ಟಿರಲಿಲ್ಲ.

“ಯಂತ್ರ ಕೊಟ್ಟ ಎರಡನೇ ಸೂಚನಾ, ವಿಮಾನ ದುರಸ್ತಿ,” ಎಂದರು ಅವರು ತಗ್ಗಿದ ದನಿಯಲ್ಲಿ. “ಹಾಕೂಣೇನು?”

“ಬ್ಯಾಡ.” ಅವಳು ಬಲೆಯನ್ನು ತಾನೇ ತಲೆಯಿಂದ ತೆಗೆದಳು. “ಉಳಿದ ಆ ಒಂದು ಜಾಗದಾಗ ಏನೈತಿ, ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಅದನ್ನ ಮುಟ್ಟಬ್ಯಾಡ್ರಿ.”

ಬಾಗಿಲವರೆಗೆ ಹೋದವಳು ತಿರುಗಿ ನಿಂತಳು. “ನಿಮ್ಮವು ಎಷ್ಟಾದವು, ಡಾಕ್ಟರ್ರ?”

“ಹದಿನೈದೂ ತುಂಬ್ಯಾವ.”

“ಅದಕ್ಕೂ ಮೊದಲ ಏನ್ ಬರ್ತಿತ್ತು ನಿಮಗ?”

ಡಾ. ಕುಬಸದ ತಮ್ಮ ಎರಡೂ ಅಂಗೈಗಳನ್ನು ಮೇಜಿನ ಮೇಲೆ ಬಿಚ್ಚಿಟ್ಟು ನೋಡಿದರು.

“ನಾನೂ ಏನೂ ಇಲ್ಲ ಅಂತನ ಬರದಿದ್ದೆ, ಅಕ್ಕಾರ,” ಎಂದರು. “ಈಗ ಅದು ಖರೇನ ಇರಬೇಕು.”