ಹೊಸ್ತಿಲ ಕೆಳಗಿನ ಬೋಗುಣಿ

"ಹೊಸ್ತಿಲಿಗೆ ಮಾತ್ರ ಹಾರೆ ಹಾಕ್ಬೇಡಪ್ಪಾ," ಎಂದಳು ಸತ್ರದ ಮುದುಕಿ ರುವೈಮಾ. "ಅದರಡಿ ಬೋಗುಣಿ ಕವುಚಿ ಹೂತಿದೀವಿ. ಮಾಟದ್ದು."

"ಪಾತ್ರೆಪಡಗ ಅಡುಗೆಮನೇಲಿಡು ಅಜ್ಜಿ," ಎಂದು ಜಂದಲ್ ನಕ್ಕ.

ಬಸ್ರಾದ ಕಾಲುವೆಯುದ್ದಕ್ಕೂ ಇದ್ದ ಸತ್ರಗಳಲ್ಲಿ ಉಳಿದದ್ದು ಇದೊಂದೇ. ಮಿಕ್ಕವನ್ನೆಲ್ಲ ಇಟ್ಟಿಗೆ ವ್ಯಾಪಾರಿಗಳು ಕಿತ್ತು ಮಾರಿದ್ದರು. ತಾನೂ ಇಟ್ಟಿಗೆಗೆಂದೇ ಮೊಸುಲ್‌ನಿಂದ ಬಂದೆನೆಂದು ಜಂದಲ್ ಹೇಳಿಕೊಂಡಿದ್ದ. ನಿಜ ಬೇರೆ. ಹನ್ನೆರಡು ವರ್ಷದ ಹಿಂದೆ, ಜ್ವರದಲ್ಲಿ ಬೇಯುತ್ತಿದ್ದ ತಮ್ಮನನ್ನು ಇದೇ ಸತ್ರದ ಕೋಣೆಯೊಂದರಲ್ಲಿ ಬಿಟ್ಟು, ಹೊರಗಿಂದ ಅಗಳಿ ಹಾಕಿ, ಇದ್ದೊಂದು ನೀರಿನ ಚೀಲವನ್ನೂ ಹೊತ್ತು ಒಂಟೆಗಳ ಸಾಲಿನ ಹಿಂದೆ ಓಡಿದ್ದ. ದಾರಿಯಲ್ಲಿ ಸತ್ತನೆಂದು ತಾಯಿಗೆ ಹೇಳಿದ್ದ. ಈ ಗೋಡೆಗಳು ನೆಲಸಮವಾದರೆ ಆ ನಾಚಿಕೆಯೂ ಮಣ್ಣಾದೀತೆಂಬ ಆಸೆ. ಪೊರೆ ಬಂದ ಮುದುಕಿಯ ಕಣ್ಣಿಗೆ ಅವನ ಗುರುತು ಸಿಕ್ಕಿರಲಿಲ್ಲ.

"ಯಾರ ಮೇಲೆ ಮಾಡಿಸಿದ್ದು?"

"ಜೊತೇಲಿದ್ದೋನ್ನ ಕೂಡಿಹಾಕಿ ಓಡಿದ ಪಾಪಿ ಮೇಲೆ. ಅವನೂ ನೀರಿಲ್ದೆ ಒಣಗ್ಲಿ ಅಂತ ನಾನೇ ಬೋಗುಣಿಯೊಳಗೆ ಬರೆಸ್ದೆ. ಆದ್ರೆ ಹೆತ್ತವಳ ಹೆಸರಿಲ್ದೆ ಮಾಟ ತಗಲಲ್ಲ. ಆ ಜಾಗ ಖಾಲಿ ಬಿಟ್ವಿ."

ಜಂದಲನ ಎದೆ ಹಗುರಾಯಿತು. ಹಾರೆ ಹಾಕಿದ. ಕಲ್ಲು ಎದ್ದಿತು. ಒದ್ದೆ ಬೂದಿಯ, ಕೊಳೆತ ಖರ್ಜೂರದ ವಾಸನೆ ಮುಖಕ್ಕೆ ರಾಚಿತು. ನಡುಮಧ್ಯಾಹ್ನದ ಬಿಸಿಲಲ್ಲೂ ಗುಂಡಿಯೊಳಗೆ ಕತ್ತಲು. ಬೋಗುಣಿಯನ್ನು ಮಗುಚಿ ಎತ್ತಿದ. ಒಳಗೆ ಸುತ್ತಿ ಸುತ್ತಿ ಇಳಿದ ಕಪ್ಪು ಅಕ್ಷರ. ನಡುವೆ ಬೆರಳಗಲ ಖಾಲಿ. ಮಾಟಕ್ಕೆ ಹೆದರೆನೆಂದು ತೋರಿಸಲು ಬೋಗುಣಿಗೇ ತನ್ನ ಹೂಜಿಯ ನೀರು ಸುರಿದುಕೊಂಡ. ಜಂಭ ಕೊಚ್ಚುವಾಗ ತಾಯಿಯ ಹೆಸರು ಹಿಡಿಯುವುದು ಅವನ ಕಡೆಯವರ ರೂಢಿ. ನಾಲಗೆ ತಾನಾಗಿ ಹೊರಳಿತು.

"ನೋಡಜ್ಜಿ! ಹುನೈದಾಳ ಮಗ ಜಂದಲ್ ಕುಡೀತಿದಾನೆ!"

ನೀರು ನಾಲಗೆಗೆ ತಾಗಿತು. ಮಣ್ಣಾಯಿತು. ಉಗಿದ. ಮತ್ತೆ ಕುಡಿದ. ಮಣ್ಣು. ಗಂಟಲು ಬಿರಿಯಿತು. ಖಾಲಿ ಜಾಗದಲ್ಲಿ ಮಸಿ ಒಸರುತ್ತಿತ್ತು. ಒಂದೊಂದೇ ಅಕ್ಷರ. ತಾಯಿಯ ಹೆಸರು.

ಮುದುಕಿ ಅವನ ಮುಖ ತಡವಿದಳು. "ನೀನೇನೋ ಅವನು? ಬಾಗಿಲು ಒಡೆಯೋ ಹೊತ್ಗೆ ಆ ಹುಡುಗನ ಗಂಟಲಲ್ಲಿ ನೀರಿಳೀತಿರ್ಲಿಲ್ಲ. ಬಿಟ್ಟೋದೋನ ತಾಯಿ ಹೆಸರು ಹೇಳು ಅಂತ ಎಷ್ಟು ಕೇಳ್ದೆ! 'ಅವಳು ನನಗೂ ಅಮ್ಮ' ಅಂದ. ಹೆಸರು ಬಾಯಿಬಿಡ್ದೆ ಸತ್ತ."

ಜಂದಲ್ ತಲೆ ಎತ್ತಲಿಲ್ಲ. ಬಾಯಾರಿಕೆಗಿಂತ ನಾಚಿಕೆ ಹೆಚ್ಚು ಸುಟ್ಟಿತು. "ತಮ್ಮ... ನನ್ನ ತಮ್ಮ. ನಾನೇ ಅಗಳಿ ಹಾಕ್ದೆ," ಎಂದ. ಆಗ ಒಂದು ಗುಟುಕು ನೀರು ಒಳಗಿಳಿಯಿತು. ಒಂದೇ.

ಆ ಸತ್ರ ಇನ್ನೂ ಬಿದ್ದಿಲ್ಲ. ಹೊಸ್ತಿಲ ಮೇಲೆ ಕೂತವನೊಬ್ಬ ದಾರಿಹೋಕರ ಅಂಗಿ ಹಿಡಿದೆಳೆದು ತಾನು ಮಾಡಿದ್ದನ್ನು ಹೇಳುತ್ತಾನೆ. ಒಬ್ಬರಿಗೆ ಹೇಳಿದರೆ ಒಂದು ಗುಟುಕು. ಕೇಳಿದವರಿಗೇ ಮತ್ತೆ ಹೇಳಿದರೆ ಬರೀ ಮಣ್ಣು. ಮಿಕ್ಕ ಸತ್ರಗಳೆಲ್ಲ ಮಾಯವಾದ ಊರಿಗೆ ಈಗ ಹೊಸಬರು ಬರುವುದಿಲ್ಲ. ಕೇಳದೆ ಉಳಿದವರು ಊರಲ್ಲಿ ಹೆಚ್ಚಿಲ್ಲ.