ಹೈಲ್ಯಾಂಡ್ಸ್‌ನಿಂದ ಬಂದ ಕಲ್ಲು

ಅಮೆರಿಕದ ಆಬರ್ನ್ ಹಿಲ್ಸ್ ಪೊಲೀಸ್ ಠಾಣೆಗೆ ದೂರು ಬಂದದ್ದು ಮೇ ಇಪ್ಪತ್ತರ ಬೆಳಿಗ್ಗೆ. ದೂರು ಕೊಟ್ಟವಳು ನಿಹಾರಿಕಾ. ಇಲ್ಲಿಯ ಕನ್ನಡ ಕುಟುಂಬಗಳನ್ನು ಪ್ರವಾಸಕ್ಕೆ ಕರೆದೊಯ್ಯುವುದು ಅವಳ ಉದ್ಯೋಗ. ಹಿಂದಿನ ವಾರವಷ್ಟೇ ಸ್ಕಾಟ್‌ಲೆಂಡಿನ ಬೆಟ್ಟಸೀಮೆ ಹೈಲ್ಯಾಂಡ್ಸ್ ಸುತ್ತಿಸಿಕೊಂಡು ಬಂದಿದ್ದಳು. ಅಲ್ಲಿನ ಕಡಲತೀರದ ಪಾಳು ಚರ್ಚಿನ ಕಿಟಕಿಯಲ್ಲಿ ಇಟ್ಟಿದ್ದ ಪುರಾತನ ಕಲ್ಲೊಂದು ಇವರು ಹೋದ ದಿನವೇ ಕಾಣೆಯಾಗಿತ್ತು. ಆ ದಿನ ಅಲ್ಲಿಗೆ ಹೋದದ್ದು ಇವಳ ತಂಡವೊಂದೇ.

ಡಿಟೆಕ್ಟಿವ್ ಸುಚೇತಾ ದೂರು ದಾಖಲಿಸಿಕೊಂಡಳು. "ಯಾರ ಮೇಲಾದ್ರೂ ಅನುಮಾನ?"

"ಎಲ್ಲಾ ನಮ್ಮೋರೇ, ಯಾರನ್ನ ಹೇಳ್ಲಿ? ಆ ಊರಿನವರು ನಮ್ಮನ್ನ ನಂಬಿ ಗೇಟಿನ ಬೀಗ ತೆಗೆದ್ರು. ಈಗ ಕಳ್ಳರು ಅಂತಿದಾರೆ."

"ಟ್ರಿಪ್ ಫೋಟೊ ಎಲ್ಲಾ ಕಳಿಸಿ."

ಚರ್ಚಿನೊಳಗೆ ಹೋಗುವಾಗಿನ ಚಿತ್ರದಲ್ಲಿ ಎಲ್ಲರೂ ಜಾಕೆಟ್ ತೊಟ್ಟಿದ್ದರು. ಹೊರಬಂದಾಗ ಗಾಳಿ, ತುಂತುರು ಮಳೆ. ಆದರೂ ಒಬ್ಬರು ಬರೀ ಅಂಗಿಯಲ್ಲಿ ನಿಂತು, ಜಾಕೆಟ್ಟನ್ನು ಮುದ್ದೆ ಮಾಡಿ ಎದೆಗೆ ಅವಚಿಕೊಂಡಿದ್ದರು. ಹೃಷೀಕೇಶ, ಆಬರ್ನ್ ಹಿಲ್ಸ್‌ನದೇ ಕಾರು ಎಂಜಿನಿಯರ್.

ಮಧ್ಯಾಹ್ನ ಸುಚೇತಾ ಸಹೋದ್ಯೋಗಿಯೊಂದಿಗೆ ಅವರ ಮನೆಗೆ ಹೋದಳು.

"ಅಂಕಲ್, ಅವತ್ತು ಜಾಕೆಟ್‌ನಲ್ಲಿ ಏನಿತ್ತು?"

ಅವರು ಸುಳ್ಳು ಹೇಳಲಿಲ್ಲ. ಒಳಗೆ ಕರೆದೊಯ್ದರು. ಮೇಜಿನ ಮೇಲೆ, ಬಿಳಿ ಟವೆಲ್ಲಿನಲ್ಲಿ ಕಲ್ಲು ಇತ್ತು. ಶಿಲುಬೆಯ ಗೆರೆಗಳು ಮಾಸಿದ್ದವು. ನಡುವೆ ಅಂಗೈ ಕೂರುವಷ್ಟು ಗುಳಿ.

"ಗುಳಿ ಕೆತ್ತಿದ್ದಲ್ಲಮ್ಮ. ಸಮುದ್ರಕ್ಕೆ ಹೋಗೋ ಮುಂಚೆ ಆ ಊರಿನ ಪ್ರತಿಯೊಬ್ಬರೂ ಕೈ ಇಡ್ತಿದ್ರಂತೆ. ಒಂಬೈನೂರು ವರ್ಷ. ಬರೀ ಕೈಗಳು ಸವೆಸಿದ್ದು."

ಸುಚೇತಾ ಗ್ಲೌಸ್ ತೊಟ್ಟು ಕಲ್ಲನ್ನೆತ್ತಿದಳು. ಅಂಗೈ ತಾನಾಗಿಯೇ ಗುಳಿಯಲ್ಲಿ ಕೂತಿತು. ರಬ್ಬರಿನಾಚೆಗೂ ಆ ನುಣುಪು ತಿಳಿಯುತ್ತಿತ್ತು. ಕೇಳಬೇಕಾದ ಪ್ರಶ್ನೆ ಕ್ಷಣಕಾಲ ಮರೆತೇಹೋಯಿತು. ಜೊತೆಗಿದ್ದವನು ಕ್ಯಾಮೆರಾ ಕೆಳಗಿಳಿಸಿ ನೋಡುತ್ತಿದ್ದ.

"ಯಾಕೆ ತಂದ್ರಿ?"

"ಮೂವತ್ತು ವರ್ಷ ಕಾರು ಡಿಸೈನ್ ಮಾಡಿದೀನಿ. ಮೊದಮೊದಲು ಮಾಡಿದ್ದು ಒಂದೂ ಈಗ ರೋಡಲ್ಲಿಲ್ಲ. ಅಲ್ಲಿ ಹೋಗಿ ಕೈ ಇಟ್ಟೆ. ಚಾವಣಿ ಇಲ್ಲ, ಮೇಲೆ ಮೋಡ, ಸುತ್ತ ಬೆಟ್ಟ. ಸತ್ತೋರೆಲ್ಲ ನನ್ನ ಕೈ ಹಿಡ್ಕೊಂಡ ಹಾಗಾಯ್ತು. ಬಿಟ್ಟು ಬರೋಕೆ ಆಗ್ಲಿಲ್ಲ."

"ಅಲ್ಲಿ ಕೈ ಇಡೋಕೆ ಇನ್ನೂ ಜನ ಇದಾರೆ, ಅಂಕಲ್."

ಮಾತಾಡದಿರುವ ಹಕ್ಕು ಅವರಿಗಿದೆ ಎಂದು ತಿಳಿಸಿ, ಕದ್ದ ಮಾಲು ಇಟ್ಟುಕೊಂಡ ಆರೋಪದ ಮೇಲೆ ಸುಚೇತಾ ಅವರನ್ನು ಬಂಧಿಸಿದಳು. ಕಲ್ಲು ಜಪ್ತಿಯಾಯಿತು, ಕೇಸು ಮುಗಿದ ಮೇಲೆ ಅದು ತನ್ನ ಕಿಟಕಿಗೆ ಮರಳಬೇಕು.

ಠಾಣೆಯ ದಾರಿಯಲ್ಲಿ ಹಿಂದಿನ ಸೀಟಿನಿಂದ ಅವರ ದನಿ ಕೇಳಿತು.

"ಮನೆಗೆ ತಂದ್ಮೇಲೂ ದಿನಾ ಗುಳೀಲಿ ಕೈ ಇಟ್ಟು ನೋಡ್ದೆ. ಬರೀ ನನ್ನ ಕೈ ಇತ್ತು."